ಸುರೆನ್ ಬೆಟ್ಟದ ನೂರುನ್ನೀಸಾ

ಪ್ಯಾರಿಸ್ ನಗರಕ್ಕೆ ಹೋದ ಪ್ರವಾಸಿಗನು ಐಫೆಲ್ ಗೋಪುರವನ್ನು ಹತ್ತಿ, ಲೂವ್ರ್ ಸಂಗ್ರಹಾಲಯವನ್ನು ಸುತ್ತಿ, ವಿಜಯ ಕಮಾನಿನ ಕೆಳಗೆ ನಿಂತು, ಊರನ್ನು ನೋಡಿದ್ದಾಯಿತೆಂದು ತೃಪ್ತನಾಗುವುದು ವಾಡಿಕೆ. ಆ ಕಮಾನಿನಿಂದ ಪಶ್ಚಿಮಕ್ಕೆ ಹೊರಟು, ವಿಶಾಲವಾದ ಫೋಶ್ ಮಾರ್ಗವನ್ನು ಕೊನೆಯವರೆಗೂ ನಡೆದು, ಬೂಲೋನ್ ವನವನ್ನು ದಾಟಿ, ಸೀನ್ ನದಿಯ ಸೇತುವೆಯಾಚೆ ಕಾಲಿಡುವವರು ವಿರಳ. ಆಚೆಯ ದಡದಲ್ಲಿರುವ ಊರೇ ಸುರೆನ್. ಬೆಟ್ಟದ ಇಳಿಜಾರಿಗೆ ಅಂಟಿಕೊಂಡು ಬೆಳೆದ ಈ ಊರು ಒಂದು ಕಾಲಕ್ಕೆ ದ್ರಾಕ್ಷಿತೋಟಗಳಿಗೂ ದ್ರಾಕ್ಷಾರಸಕ್ಕೂ ಹೆಸರಾಗಿತ್ತು. ಆ ವೈಭವದ ಕುರುಹಾಗಿ ಸುಮಾರು ಒಂದು ಹೆಕ್ಟೇರು ತೋಟ ಇಂದಿಗೂ ಅಲ್ಲಿ ಉಳಿದಿದೆ. ಬೆಟ್ಟದ ಮೇಲಿನಿಂದ ನೋಡಿದರೆ ಕೆಳಗೆ ನದಿ, ನದಿಯಾಚೆ ಹಸುರು ಕಾಡು, ಕಾಡಿನಾಚೆ ಪ್ಯಾರಿಸ್ ನಗರ ಒಂದೇ ಚಿತ್ರಪಟದಲ್ಲಿ ಬಿಡಿಸಿಟ್ಟಂತೆ ಕಾಣುತ್ತವೆ.

ನೋಟಕ್ಕೆ ಇಷ್ಟು ಸೌಮ್ಯವಾದ ಈ ಸ್ಥಳಕ್ಕೆ ರಕ್ತದ ನೆನಪೊಂದು ಅಂಟಿಕೊಂಡಿದೆ. ಅದರ ಜೊತೆಗೆ, ಕನ್ನಡಿಗರ ಕಿವಿಗೆ ಅಪರಿಚಿತವಲ್ಲದ ಒಂದು ವಂಶದ ಹೆಣ್ಣುಮಗಳ ನೆನಪೂ ಇದೆ.

ಬೆಟ್ಟ ಮತ್ತು ಮನೆ

ಸುರೆನ್ ಊರಿನ ನೆತ್ತಿಯ ಮೇಲಿರುವುದು ವಾಲೇರಿಯನ್ ಬೆಟ್ಟ. ಸಮುದ್ರಮಟ್ಟದಿಂದ ಸುಮಾರು 160 ಮೀಟರ್ ಎತ್ತರದ ಈ ಬೆಟ್ಟದ ತುದಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೋಟೆಯೊಂದಿದೆ. 1940ರ ಜೂನ್ 14ರಂದು ಹಿಟ್ಲರನ ಸೈನ್ಯ ಪ್ಯಾರಿಸನ್ನು ಹಿಡಿದ ಮೇಲೆ ಈ ಕೋಟೆಯೂ ಜರ್ಮನರ ವಶವಾಯಿತು. ತಮ್ಮನ್ನು ಎದುರಿಸಿದವರನ್ನೂ, ಒತ್ತೆಯಾಳುಗಳಾಗಿ ಹಿಡಿದವರನ್ನೂ ಅವರು ಲಾರಿಗಳಲ್ಲಿ ತುಂಬಿ ತಂದು ಕೋಟೆಯೊಳಗಿನ ಮರಗಳ ನಡುವಣ ಬಯಲಿನಲ್ಲಿ ಕಂಬಕ್ಕೆ ಕಟ್ಟಿ ಗುಂಡಿಕ್ಕಿದರು. 1941ರಿಂದ 1944ರವರೆಗೆ ಇಲ್ಲಿ ಹೀಗೆ ಮಡಿದವರು ಒಂದು ಸಾವಿರಕ್ಕೂ ಹೆಚ್ಚು. 1960ರ ಜೂನ್ 18ರಂದು ಅಧ್ಯಕ್ಷ ದ ಗೋಲ್ ಅವರು ಇಲ್ಲಿ ರಾಷ್ಟ್ರೀಯ ಸ್ಮಾರಕವನ್ನು ಉದ್ಘಾಟಿಸಿದರು. ಮಡಿದವರ ಹೆಸರುಗಳನ್ನು ಕೊರೆದ ದೊಡ್ಡದೊಂದು ಕಂಚಿನ ಘಂಟೆಯನ್ನು 2003ರಲ್ಲಿ ಸ್ಥಾಪಿಸಲಾಯಿತು. ಅದನ್ನು ತೂಗುಹಾಕಿಲ್ಲ, ನೆಲದ ಮೇಲೆ ಕೂರಿಸಿದ್ದಾರೆ. ಅದು ಬಾರಿಸುವ ಘಂಟೆಯಲ್ಲ, ಓದುವ ಘಂಟೆ.

ಆ ಹೆಸರುಗಳಲ್ಲಿ ನೌಕಾದಳದ ಅಧಿಕಾರಿ ಓನೋರೆ ದೆತಿಯೆನ್ ದೋರ್ವ್ ಎಂಬಾತನದೂ ಒಂದು. 1940ರ ಡಿಸೆಂಬರಿನಲ್ಲಿ ಗುಟ್ಟಾಗಿ ಫ್ರಾನ್ಸಿಗೆ ಬಂದಿಳಿದು, ನಾಂತ್ ನಗರದಿಂದ ಲಂಡನ್ನಿನ ಸ್ವತಂತ್ರ ಫ್ರೆಂಚರೊಡನೆ ನಿಸ್ತಂತು ಸಂಪರ್ಕವನ್ನು ಏರ್ಪಡಿಸಿದವನು ಆತ. ಆದರೆ ಅವನ ನಿಸ್ತಂತು ಸಹಾಯಕನೇ ಜರ್ಮನರೊಡನೆ ಸೇರಿ ಇಡೀ ತಂಡವನ್ನು ಹಿಡಿದುಕೊಟ್ಟ. 1941ರ ಆಗಸ್ಟ್ 29ರಂದು ಇಬ್ಬರು ಸಂಗಡಿಗರೊಡನೆ ದೋರ್ವ್ ಈ ಬಯಲಿನಲ್ಲಿ ಪ್ರಾಣಬಿಟ್ಟ. ಗುಪ್ತ ಹೋರಾಟದ ತಂಡಕ್ಕೆ ನಿಸ್ತಂತು ಯಂತ್ರದ ಮುಂದೆ ಕುಳಿತವನೇ ಉಸಿರು. ಅವನು ಕೆಟ್ಟರೆ ಅವನೇ ವಿಷ. ಮುಂದಿನ ಕಥೆಗೆ ಈ ಮಾತು ನೆನಪಿನಲ್ಲಿರಬೇಕು.

ಕೋಟೆಯ ಕೆಳಗಿನ ಇಳಿಜಾರಿನಲ್ಲಿ, ಹೆಂಚಿನ ಗೂಡನ್ನು ಹೆಸರಿನಲ್ಲಿ ಉಳಿಸಿಕೊಂಡಿರುವ ಒಂದು ಬೀದಿಯಲ್ಲಿ, 23ನೆಯ ಸಂಖ್ಯೆಯ ದೊಡ್ಡ ಮನೆಯೊಂದಿದೆ. ಅದರ ಹೆಸರು ಫ್ರೆಂಚಲ್ಲ: ‘ಫಜಲ್ ಮಂಜಿಲ್’, ಎಂದರೆ ಕೃಪಾನಿಲಯ. 1922ರಲ್ಲಿ ಡಚ್ ಶಿಷ್ಯೆಯೊಬ್ಬಳು ತನ್ನ ಗುರುವಿನ ಕುಟುಂಬಕ್ಕೆ ಈ ಮನೆಯನ್ನು ಕಾಣಿಕೆಯಾಗಿತ್ತಳು. ಆ ಗುರು ಬರೋಡದ ಗಾಯಕ, ವೀಣಾವಾದಕ, ಸೂಫಿ ಉಪದೇಶಕ ಹಜರತ್ ಇನಾಯತ್ ಖಾನ್. ಆ ಮನೆಯಲ್ಲಿ ಬೆಳೆದ ನಾಲ್ವರು ಮಕ್ಕಳಲ್ಲಿ ಹಿರಿಯಳೇ ನೂರುನ್ನೀಸಾ. ‘ಸ್ತ್ರೀಕುಲದ ಬೆಳಕು’ ಎಂಬುದು ಆ ಹೆಸರಿನ ಅರ್ಥ. ಮನೆಯವರಿಗೆ ಮಾತ್ರ ಆಕೆ ‘ಬಾಬುಲಿ’.

ಮೈಸೂರಿನ ನೆನಪು

ಇನಾಯತ್ ಖಾನರ ತಾಯಿಯ ತಂದೆ ಮೌಲಾಬಕ್ಷ್ ಹತ್ತೊಂಬತ್ತನೆಯ ಶತಮಾನದ ಹೆಸರಾಂತ ಸಂಗೀತಗಾರ. ದೇಶಸಂಚಾರ ಮಾಡುತ್ತ ದಕ್ಷಿಣಕ್ಕೆ ಬಂದ ಆತನನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನ ಆಸ್ಥಾನದಲ್ಲಿ ಬರಮಾಡಿಕೊಂಡು ರಾಜಮರ್ಯಾದೆಯ ಬಿರುದು ಬಾವಲಿಗಳನ್ನಿತ್ತು ಗೌರವಿಸಿದರು. ಮುಂದೆ ಬರೋಡದಲ್ಲಿ ನೆಲೆಸಿ ಸಂಗೀತಶಾಲೆಯನ್ನು ಸ್ಥಾಪಿಸಿದ ಮೌಲಾಬಕ್ಷ್ ಕೈಹಿಡಿದ ಹೆಣ್ಣು ಟಿಪ್ಪೂ ಸುಲ್ತಾನನ ವಂಶದವಳೆಂಬುದು ಆ ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದ ನಂಬಿಕೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಇಂಗ್ಲಿಷರೊಡನೆ ಹೋರಾಡುತ್ತ ಬಿದ್ದ ದೊರೆಯ ವಂಶದ ಕುಡಿ, ಇಂಗ್ಲೆಂಡಿನ ಸೇವೆಯಲ್ಲಿಯೇ ಪ್ರಾಣವನ್ನೊಪ್ಪಿಸುವಂತಾದುದು ಚರಿತ್ರೆಯ ವಿಲಕ್ಷಣ ತಿರುವು.

ಇನಾಯತ್ ಖಾನರು 1910ರಲ್ಲಿ ಭಾರತವನ್ನು ಬಿಟ್ಟು ಅಮೆರಿಕಕ್ಕೆ ಹೋದರು. ಅಲ್ಲಿ ಪರಿಚಯವಾದ ಅಮೆರಿಕದ ಕನ್ಯೆ ಓರಾ ರೇ ಬೇಕರ್ ಅವರ ಪತ್ನಿಯಾಗಿ ಅಮೀನಾ ಬೇಗಂ ಆದಳು. ಗಂಡಹೆಂಡಿರು ರಷ್ಯದಲ್ಲಿದ್ದಾಗ, 1914ರ ಜನವರಿಯ ಮೊದಲ ದಿನ, ಮಾಸ್ಕೋ ನಗರದಲ್ಲಿ ನೂರ್ ಹುಟ್ಟಿದಳು. ಅದೇ ವರ್ಷ ಮೊದಲನೆಯ ಮಹಾಯುದ್ಧ ಸಿಡಿಯಿತು. ಸಂಸಾರ ಲಂಡನ್ನಿಗೆ ಹೋಯಿತು. ಅಲ್ಲಿಂದ 1920ರಲ್ಲಿ ಫ್ರಾನ್ಸಿಗೆ ಬಂದಿತು. ಸುರೆನ್ ಬೆಟ್ಟದ ಮನೆಯಲ್ಲಿ ಬೆಳಗು ಬೈಗುಗಳು ಸಂಗೀತದಿಂದ ತುಂಬಿದವು. ಬೇಸಗೆ ಬಂತೆಂದರೆ ದೇಶದೇಶಗಳ ಶಿಷ್ಯರು ನೆರೆಯುತ್ತಿದ್ದರು. ಯಾವ ಮತವನ್ನೂ ಹಳಿಯಬಾರದು, ಯಾವ ಜೀವಿಯನ್ನೂ ನೋಯಿಸಬಾರದು, ಸುಳ್ಳನ್ನು ಆಡಬಾರದು — ಇವು ಆ ಮನೆಯ ಮಕ್ಕಳು ಉಂಡು ಬೆಳೆದ ಪಾಠಗಳು.

1927ರ ಫೆಬ್ರವರಿಯಲ್ಲಿ ತಂದೆ ದಿಲ್ಲಿಯಲ್ಲಿ ತೀರಿಕೊಂಡರು. ಆಗ ನೂರಳಿಗೆ ಹದಿಮೂರು ವರ್ಷ. ತಾಯಿ ದುಃಖದಿಂದ ಕೋಣೆ ಸೇರಿದಳು. ವಿಲಾಯತ್, ಹಿದಾಯತ್ ಎಂಬ ತಮ್ಮಂದಿರಿಗೂ ಖೈರುನ್ನೀಸಾ ಎಂಬ ತಂಗಿಗೂ ಈ ಅಕ್ಕನೇ ತಾಯಿಯಾದಳು. ಮನೆಯನ್ನು ನಡೆಸುತ್ತಲೇ ಆಕೆ ಸೋರ್ಬಾನ್ ವಿದ್ಯಾಪೀಠದಲ್ಲಿ ಮಕ್ಕಳ ಮನಶ್ಶಾಸ್ತ್ರವನ್ನು ಓದಿದಳು, ಪ್ರಖ್ಯಾತ ಸಂಗೀತಾಚಾರ್ಯೆ ನಾದಿಯಾ ಬುಲಾಂಜೆಯ ಬಳಿ ಪಾಶ್ಚಾತ್ಯ ಸಂಗೀತವನ್ನು ಕಲಿತಳು, ವೀಣೆಯನ್ನೂ ಬಿಡಲಿಲ್ಲ. ಮಕ್ಕಳಿಗಾಗಿ ಆಕೆ ಬರೆದ ಕಥೆಗಳು ‘ಫಿಗಾರೋ’ ಪತ್ರಿಕೆಯಲ್ಲಿ ಅಚ್ಚಾದವು. ಪ್ಯಾರಿಸ್ ಆಕಾಶವಾಣಿಯಲ್ಲಿ ಪ್ರಸಾರವಾದವು. 1939ರಲ್ಲಿ ಆಕೆಯ ‘ಇಪ್ಪತ್ತು ಜಾತಕ ಕಥೆಗಳು’ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಹೊರಬಂದಿತು. ವಾನರರಾಜನ ಕಥೆ ಅದರಲ್ಲಿದೆ. ಬೇಟೆಗಾರರ ಬಾಣಗಳಿಂದ ತನ್ನ ಪರಿವಾರವನ್ನು ಹೊಳೆ ದಾಟಿಸಲು ವಾನರರಾಜನು ಬಳ್ಳಿಯನ್ನು ಕಟ್ಟುತ್ತಾನೆ. ಬಳ್ಳಿ ಒಂದು ಮೈಯಷ್ಟು ಗಿಡ್ಡವಾಗುತ್ತದೆ. ತನ್ನ ಮೈಯನ್ನೇ ಸೇತುವೆಯಾಗಿ ಚಾಚುತ್ತಾನೆ. ಎಲ್ಲರೂ ದಾಟುತ್ತಾರೆ, ಸೇತುವೆಯಾದವನು ದಾಟುವುದಿಲ್ಲ.

ನುಡಿಯುವ ಪೆಟ್ಟಿಗೆ

ಜರ್ಮನ್ ಸೈನ್ಯ ಪ್ಯಾರಿಸಿನತ್ತ ನುಗ್ಗುತ್ತಿದ್ದಾಗ ಅಕ್ಕತಮ್ಮಂದಿರು ಮನೆಯಲ್ಲಿ ಕುಳಿತು ಆಲೋಚಿಸಿದರು. ಅಹಿಂಸೆಯನ್ನು ನಂಬಿದವರು ಇಂತಹ ಕೇಡಿನ ಮುಂದೆ ಕೈಕಟ್ಟಿ ಕೂರಬಹುದೆ? ಕೊಲ್ಲುವ ಕೆಲಸ ಬೇಡ. ಆದರೆ ಕೊಲ್ಲುವವನಷ್ಟೇ ಅಪಾಯಕ್ಕೆ ಒಡ್ಡಿಕೊಳ್ಳುವ ಕೆಲಸ ಬೇಕು ಎಂಬ ನಿರ್ಧಾರಕ್ಕೆ ನೂರ್ ಮತ್ತು ವಿಲಾಯತ್ ಬಂದರು. ಜನಜಂಗುಳಿಯ ನಡುವೆ ಬೋರ್ಡೋ ಬಂದರನ್ನು ಸೇರಿ, ಹಡಗು ಹತ್ತಿ, 1940ರ ಜೂನ್ 22ರಂದು ಇಂಗ್ಲೆಂಡನ್ನು ಮುಟ್ಟಿದರು. ನವೆಂಬರಿನಲ್ಲಿ ನೂರ್ ವಾಯುಪಡೆಯ ಮಹಿಳಾ ಸಹಾಯಕ ದಳಕ್ಕೆ ಸೇರಿ ನಿಸ್ತಂತು ವಿದ್ಯೆಯನ್ನು ಕಲಿತಳು. ಅಧಿಕಾರಿಗಳ ಸಂದರ್ಶನದಲ್ಲಿ ಭಾರತದ ಸ್ವಾತಂತ್ರ್ಯದ ಮಾತು ಬಂದಾಗ, ಯುದ್ಧ ಮುಗಿದ ಮೇಲೆ ತಾನು ತನ್ನ ದೇಶದ ಪಕ್ಷವನ್ನು ವಹಿಸುವುದಾಗಿ ಮುಚ್ಚುಮರೆಯಿಲ್ಲದೆ ಹೇಳಿದಳು.

ಫ್ರೆಂಚ್ ಭಾಷೆಯನ್ನು ನೀರು ಕುಡಿದಷ್ಟು ಸಲೀಸಾಗಿ ಆಡುವ, ನಿಸ್ತಂತು ಬಲ್ಲ ಈ ತರುಣಿ ‘ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯೂಟಿವ್’ ಎಂಬ ಬ್ರಿಟಿಷ್ ಗುಪ್ತಸಂಸ್ಥೆಯ ಕಣ್ಣಿಗೆ ಬಿದ್ದಳು. 1942ರ ನವೆಂಬರಿನಲ್ಲಿ ಆಕೆಯನ್ನು ಕರೆಸಿ ಮಾತನಾಡಿಸಿದ ಅಧಿಕಾರಿ ಏನನ್ನೂ ಮರೆಮಾಚಲಿಲ್ಲ. ಸಮವಸ್ತ್ರವಿಲ್ಲ, ಸಿಕ್ಕಿಬಿದ್ದರೆ ಯುದ್ಧಕೈದಿಯ ರಕ್ಷಣೆಯಿಲ್ಲ, ಚಿತ್ರಹಿಂಸೆಯೂ ಮರಣವೂ ಕಾದಿರಬಹುದು. ನೂರ್ ಒಡನೆಯೇ ಒಪ್ಪಿದಳು.

ತರಬೇತಿ ಕೊಟ್ಟವರಲ್ಲಿ ಹಲವರಿಗೆ ಮಾತ್ರ ಆಕೆಯಲ್ಲಿ ನಂಬಿಕೆ ಮೂಡಲಿಲ್ಲ. ಆಕೆ ಕನಸಿಗಳು, ಬೆದರುವ ಸ್ವಭಾವದವಳು, ಎರಡು ನಾಲಗೆಯ ಕೆಲಸ ತನಗೆ ಹಿಡಿಸದೆಂದು ತಾನೇ ಹೇಳಿಕೊಳ್ಳುತ್ತಾಳೆ ಎಂದು ವರದಿ ಬರೆದರು. ಅವರ ಸಂಶಯ ನಿರಾಧಾರವೇನೂ ಅಲ್ಲ. ಸುಳ್ಳಾಡಬಾರದೆಂದು ಬೆಳೆದವಳನ್ನು ಹೆಸರಿನಿಂದ ಮೊದಲ್ಗೊಂಡು ಎಲ್ಲವೂ ಸುಳ್ಳಾದ ಬಾಳಿಗೆ ಕಳುಹಿಸುವುದು ಹೇಗೆ? ಆದರೆ ಪ್ಯಾರಿಸಿನಲ್ಲಿ ನಿಸ್ತಂತು ಬಲ್ಲವರ ಅಭಾವ ವಿಪರೀತವಾಗಿತ್ತು. ಜರ್ಮನರು ಆಕ್ರಮಿಸಿದ್ದ ಫ್ರಾನ್ಸಿಗೆ ಬ್ರಿಟನ್ನಿನಿಂದ ಹೋದ ಮೊದಲ ಮಹಿಳಾ ನಿಸ್ತಂತು ನಿರ್ವಾಹಕಿಯಾಗಿ ನೂರ್ ಹೊರಟಳು.

ಈ ಕೆಲಸ ಎಂತಹದೆಂಬುದನ್ನು ಸ್ವಲ್ಪ ವಿವರಿಸಬೇಕು. ಯಂತ್ರವನ್ನು ಸಾಮಾನ್ಯ ಪ್ರಯಾಣದ ಚರ್ಮದ ಪೆಟ್ಟಿಗೆಯಂತಹುದರಲ್ಲಿ ಅಡಗಿಸಿಡುತ್ತಿದ್ದರು. ಅಂತಹ ಪೆಟ್ಟಿಗೆಗಳಲ್ಲಿ ಒಂದು ಬಗೆಯದು ಸುಮಾರು 15 ಕಿಲೋ ತೂಗುತ್ತಿತ್ತು. ಅದಕ್ಕೆ ಇಪ್ಪತ್ತು ಮೀಟರಿನಷ್ಟು ಉದ್ದದ ಏರಿಯಲ್ ತಂತಿಯನ್ನು ಮರಕ್ಕೋ ಮಾಡಿಗೋ ಎಳೆದು ಕಟ್ಟಬೇಕು. ಬೆಣಚುಕಲ್ಲಿನ ಚಿಕ್ಕ ಹರಳನ್ನು ಯಂತ್ರಕ್ಕೆ ಸಿಕ್ಕಿಸಿದರೆ ಅದು ಅಲೆಯ ಆವರ್ತವನ್ನು ನಿಶ್ಚಯಿಸುತ್ತದೆ. ಹರಳು ಬದಲಾದರೆ ಆವರ್ತವೂ ಬದಲಾಗುತ್ತದೆ. ಸಂದೇಶವನ್ನು ಮೊದಲು ಗುಪ್ತಲಿಪಿಗೆ ತಿರುಗಿಸಿ, ಗೊತ್ತುಪಡಿಸಿದ ವೇಳೆಗೆ ಸರಿಯಾಗಿ ಮೋರ್ಸ್ ಸಂಜ್ಞೆಗಳಲ್ಲಿ ಬಡಿಯಬೇಕು. ಇಂಗ್ಲೆಂಡಿನಲ್ಲಿ ಕಿವಿಗೊಟ್ಟು ಕುಳಿತ ಹುಡುಗಿಯರು ಅದನ್ನು ಬರೆದುಕೊಳ್ಳುತ್ತಿದ್ದರು. ಒಬ್ಬೊಬ್ಬರ ಕೈಬರಹ ಒಂದೊಂದು ತೆರನಾಗಿರುವಂತೆ ಒಬ್ಬೊಬ್ಬರ ಕೈಬಡಿತವೂ ಬೇರೆ. ಅದರಿಂದಲೇ ಬಡಿಯುವವರಾರೆಂದು ಪಳಗಿದವರು ಗುರುತಿಸುತ್ತಿದ್ದರು.

ಆಲಿಸುತ್ತಿದ್ದವರು ಗೆಳೆಯರಷ್ಟೇ ಅಲ್ಲ. ಬೇರೆ ಬೇರೆ ಠಾಣೆಗಳಲ್ಲಿ ಕುಳಿತ ಜರ್ಮನರು ಅಲೆ ಬರುವ ದಿಕ್ಕನ್ನು ಅಳೆದು, ಭೂಪಟದ ಮೇಲೆ ಗೆರೆಗಳನ್ನೆಳೆದು, ಅವು ಕೂಡುವ ಊರನ್ನು ಕಂಡುಹಿಡಿಯುತ್ತಿದ್ದರು. ಅನಂತರ ವೇಷ ಮರೆಸಿಕೊಂಡ ಮೋಟಾರು ವ್ಯಾನುಗಳು ಬಡಾವಣೆಯನ್ನು ಸುತ್ತುತ್ತಿದ್ದವು. ಒಂದೊಂದೇ ಬೀದಿಯ ವಿದ್ಯುತ್ತನ್ನು ಕಡಿದು, ಯಾವಾಗ ಬಡಿತ ನಿಲ್ಲುತ್ತದೆಂದು ನೋಡುವುದೂ ಇತ್ತು. ಆದ್ದರಿಂದ ಹೆಚ್ಚು ಹೊತ್ತು ಬಡಿಯುವಂತಿಲ್ಲ. ಒಂದೇ ಕಡೆ ನಿಲ್ಲುವಂತಿಲ್ಲ. ಇಂತಹ ನಿರ್ವಾಹಕನೊಬ್ಬ ಶತ್ರುವಿನ ನೆಲದಲ್ಲಿ ಸಿಕ್ಕಿಬೀಳದೆ ಉಳಿಯುವ ಅವಧಿ ಸರಾಸರಿ ಆರು ವಾರವೆಂದು 1943ರಲ್ಲಿ ಲೆಕ್ಕ ಹಾಕುತ್ತಿದ್ದರು.

ಒಂದು ಕಾಡಿನ ಸುತ್ತ

1943ರ ಜೂನ್ 16ರ ಬೆಳುದಿಂಗಳ ರಾತ್ರಿ, ಲೈಸಾಂಡರ್ ಎಂಬ ಪುಟ್ಟ ವಿಮಾನವೊಂದು ಆಂಜೇ ಪಟ್ಟಣದ ಬಳಿಯ ಹುಲ್ಲುಗಾವಲಿನಲ್ಲಿ ನೂರಳನ್ನು ಇಳಿಸಿತು. ಕಾಗದಪತ್ರಗಳಲ್ಲಿ ಆಕೆ ಝಾನ್ ಮಾರಿ ರೆನಿಯೇ ಎಂಬ ದಾದಿ, ಹೋರಾಟಗಾರರಿಗೆ ‘ಮಾದಲೆನ್’. ಪ್ಯಾರಿಸಿಗೆ ಬಂದವಳು ಎಮಿಲ್ ಆನ್ರಿ ಗಾರಿಯ ತಂಡಕ್ಕೆ ಸೇರಿ, ಕೆಲವೇ ದಿನಗಳಲ್ಲಿ ನಗರದ ಹೊರಗಿನ ಗ್ರಿನ್ಯೋಂ ಕೃಷಿಶಾಲೆಯಿಂದ ಮೊದಲ ಸಂದೇಶವನ್ನು ಕಳುಹಿಸಿದಳು. ಒಂದು ವಾರ ಕಳೆದಿತ್ತೋ ಇಲ್ಲವೋ, ಬರಸಿಡಿಲೆರಗಿತು. ಫ್ರಾನ್ಸಿಸ್ ಸಟ್ಟಿಲ್ ಎಂಬ ಮುಖ್ಯಸ್ಥನ ಹಿರಿಯ ಜಾಲ ಜರ್ಮನರ ಕೈಗೆ ಸಿಕ್ಕಿತು. ಅವನೂ, ಅವನ ನಿಸ್ತಂತು ನಿರ್ವಾಹಕನೂ ಸೆರೆಯಾದರು. ಜುಲೈ 1ರಂದು ಗ್ರಿನ್ಯೋಂ ಶಾಲೆಯ ಮೇಲೂ ದಾಳಿ ನಡೆಯಿತು. ದಿನ ಬೆಳಗಾದರೆ ಹೊಸ ಹೊಸ ಬಂಧನಗಳು.

ಲಂಡನ್ನಿನಿಂದ ಸೂಚನೆ ಬಂತು: ಪರಿಸ್ಥಿತಿ ಕೈಮೀರಿದೆ, ಹಿಂದಿರುಗಿ ಬಾ. ನೂರ್ ಒಪ್ಪಲಿಲ್ಲ. ತಾನು ಹೊರಟರೆ ಪ್ಯಾರಿಸ್ ಪ್ರದೇಶದ ಸಂಗಡಿಗರಿಗೆ ಲಂಡನ್ನಿನೊಡನೆ ಮಾತನಾಡಲು ಬಾಯಿಯೇ ಇಲ್ಲದಂತಾಗುವುದು. ಇನ್ನೊಬ್ಬರು ಬರುವವರೆಗೆ ಇರುತ್ತೇನೆ ಎಂದಳು. ಬೆದರುವ ಸ್ವಭಾವದವಳೆಂದು ಬರೆಸಿಕೊಂಡವಳ ಉತ್ತರವಿದು.

ಈಗಿನ ಪ್ರವಾಸಿಗನು ಭೂಪಟವನ್ನು ಬಿಡಿಸಿಕೊಂಡರೆ ವಿಸ್ಮಯವಾಗುವ ಸಂಗತಿಯೊಂದು ಕಾಣುತ್ತದೆ. ಆ ಬೇಸಗೆಯಲ್ಲಿ ನೂರ್ ಅಡಗಿದ್ದ, ಬಡಿದ, ಕೊನೆಗೆ ಸಿಕ್ಕಿಬಿದ್ದ ತಾಣಗಳಲ್ಲಿ ಬಹುಪಾಲು ಬೂಲೋನ್ ವನದ ಸುತ್ತಲೇ ಇವೆ. ಎಂಟುನೂರು ಹೆಕ್ಟೇರಿಗೂ ಮಿಕ್ಕ ಈ ಕಾಡಿನ ಆಗ್ನೇಯಕ್ಕೆ ಎರ್ಲಾಂಜೆ ಬೀದಿ. ಗಾರಿಯ ಮನೆ ಇದ್ದುದು ಅಲ್ಲಿ. ಉತ್ತರದ ಅಂಚಿನಲ್ಲಿ, ನೋಯಿ ಎಂಬ ಸಿರಿವಂತರ ಬಡಾವಣೆಯಲ್ಲಿ, ರಿಶಾರ್ ವಾಲಾಸ್ ರಸ್ತೆ. ಅಲ್ಲಿ ಆಕೆಯ ಬಾಡಿಗೆಯ ಕೋಣೆಯಿತ್ತು. ನೆರೆಹೊರೆಯಲ್ಲಿ ಜರ್ಮನ್ ಅಧಿಕಾರಿಗಳೇ ತುಂಬಿದ್ದರು. ಒಂದು ಸಂಜೆ ಆಕೆ ಏರಿಯಲ್ ತಂತಿಯನ್ನು ಕೊಂಬೆಗೆ ಸಿಕ್ಕಿಸಲು ಹೆಣಗುತ್ತಿದ್ದಾಗ ಅಂತಹ ಅಧಿಕಾರಿಯೊಬ್ಬನೇ ಬಂದು, ಹಾಡು ಕೇಳುವ ರೇಡಿಯೋಕ್ಕೆ ಇರಬೇಕೆಂದು ನಂಬಿ, ತಂತಿ ಕಟ್ಟಿಕೊಟ್ಟನೆಂದು ಆಕೆಯ ಚರಿತ್ರೆ ಬರೆದವರು ಹೇಳುತ್ತಾರೆ. ಸುರಂಗ ರೈಲಿನಲ್ಲಿ ಪೆಟ್ಟಿಗೆಯ ಬಗೆಗೆ ಕೇಳಿದ ಜರ್ಮನ್ ಸಿಪಾಯಿಗಳಿಗೆ, ಇದು ಸಿನಿಮಾ ತೋರಿಸುವ ಯಂತ್ರವೆಂದು ಮುಚ್ಚಳ ಸರಿಸಿ ತೋರಿಸಿದಳೆಂಬುದೂ ಅವರು ಹೇಳುವ ಮಾತೇ.

ಕಾಡಿನ ಪಶ್ಚಿಮಕ್ಕೆ, ನದಿಯಾಚೆ, ಸುರೆನ್. ಎಲ್ಲರೂ ಗುರುತು ಹಿಡಿಯಬಲ್ಲ ಊರಿಗೆ ಹೋಗುವುದು ಗುಪ್ತಚರ ವಿದ್ಯೆಯ ನಿಯಮಕ್ಕೆ ತೀರ ವಿರುದ್ಧ. ಆದರೆ ನಂಬಬಹುದಾದ ಮನೆಗಳು ಒಂದೊಂದಾಗಿ ಮುಚ್ಚುತ್ತಿದ್ದಾಗ ಆಕೆ ಬಾಲ್ಯದ ಪರಿಚಯದವರ ಬಾಗಿಲನ್ನು ತಟ್ಟಿದಳು. ಅವರು ತೆರೆದರು. ತನ್ನ ಮನೆಯ ಅಳತೆಯಲ್ಲೇ ಇದ್ದು ತನ್ನ ಮನೆಗೆ ಹೋಗಲಾರದೆ, ಹೆಸರು ಬದಲಾಗಿ, ಕೂದಲ ಬಣ್ಣ ಬದಲಾಗಿ, ಆಕೆ ಆ ಇಳಿಜಾರಿನ ಬೀದಿಗಳಲ್ಲಿ ಓಡಾಡಿದಳು. ಮೇಲಿನ ಕೋಟೆಯಲ್ಲಿ ಆ ವರ್ಷವೂ ಗುಂಡಿನ ಸದ್ದು ನಿಂತಿರಲಿಲ್ಲ.

ಆರು ವಾರದ ಲೆಕ್ಕವನ್ನು ಮೀರಿ ಸುಮಾರು ಹದಿನೇಳು ವಾರ ಆಕೆ ಉಳಿದಳು. ಅಕ್ಟೋಬರ್ 13ರ ಸುಮಾರಿಗೆ, ಕಾಡಿನ ಪೂರ್ವಕ್ಕಿರುವ ಫೆಜಾಂದ್ರಿ ಬೀದಿಯ 98ನೆಯ ಮನೆಗೆ ಬಂದಾಗ, ಒಳಗೆ ಕಾದಿದ್ದವನು ಆಕೆಯನ್ನು ಹಿಡಿದ. ಹಣಕ್ಕಾಗಿ ಯಾರೋ ಸುಳಿವು ಕೊಟ್ಟಿದ್ದರು. ಆ ಸೌಮ್ಯ ಹುಡುಗಿ ಹಿಡಿಯಬಂದವನ ಕೈಯನ್ನು ರಕ್ತ ಬರುವಂತೆ ಕಚ್ಚಿ ಕಾದಾಡಿದಳು.

ಫೋಶ್ ಮಾರ್ಗ, 84

ಅಲ್ಲಿಂದ ಕೂಗಳತೆಯ ದೂರದಲ್ಲಿ ಫೋಶ್ ಮಾರ್ಗ. 120 ಮೀಟರ್ ಅಗಲದ ಈ ರಾಜಬೀದಿಯ ಎರಡೂ ಬದಿಗೆ ಮರಗಳ ಸಾಲು, ಹುಲ್ಲಿನ ಹಾಸು, ಅದರ ಹಿಂದೆ ಶ್ರೀಮಂತರ ಸೌಧಗಳು. 84ನೆಯ ಸಂಖ್ಯೆಯ ಕಟ್ಟಡವು ಅಂದು ಜರ್ಮನ್ ಭದ್ರತಾ ಪೋಲೀಸಿನ ಕಾರ್ಯಾಲಯ. ಅದರ ಮುಖ್ಯಸ್ಥ ಹಾನ್ಸ್ ಕೀಫರ್. ಅತ್ಯಂತ ಮೇಲಿನ ಅಂತಸ್ತಿನ ಸಣ್ಣ ಕೋಣೆಗಳನ್ನು ಸೆರೆಮನೆಯಾಗಿ ಮಾಡಿದ್ದರು. ಇಂದು ಆ ಕಟ್ಟಡದ ಮುಂದೆ ಹಾದುಹೋಗುವವರಿಗೆ ಅದು ವಾಸದ ಮನೆಗಳ ಸಾಲಿನಲ್ಲಿ ಮತ್ತೊಂದು, ಅಷ್ಟೆ.

ಬಂದ ದಿನವೇ ನೂರ್ ಸ್ನಾನಕ್ಕೆ ಅವಕಾಶ ಕೇಳಿ, ಬಚ್ಚಲಿನ ಕಿಟಕಿಯಿಂದ ಮಾಡಿಗೆ ಹತ್ತಿದಳು, ಸಿಕ್ಕಿಬಿದ್ದಳು. ನವೆಂಬರ್ 25ರ ರಾತ್ರಿ, ಜಾನ್ ಸ್ಟಾರ್ ಮತ್ತು ಲಿಯೋ ಫಾಯ್ ಎಂಬ ಇಬ್ಬರು ಸಹಕೈದಿಗಳೊಡನೆ, ಬೆಳಕಿಂಡಿಯ ಸರಳುಗಳನ್ನು ಸಡಿಲಿಸಿ ಮತ್ತೆ ಮಾಡಿಗೆ ಏರಿದಳು. ಅದೇ ಹೊತ್ತಿಗೆ ವಿಮಾನದಾಳಿಯ ಎಚ್ಚರಿಕೆ ಮೊಳಗಿತು, ಕಾವಲುಗಾರರು ಕೋಣೆಗಳನ್ನು ನೋಡಿದರು, ಮೂವರೂ ಸೆರೆಸಿಕ್ಕರು. ಅವರನ್ನು ಬಿಡಿಸಲು ಬಂದಿರಬೇಕಾದ ವಿಮಾನಗಳೇ ಅವರನ್ನು ಹಿಡಿದುಕೊಟ್ಟಂತಾಯಿತು. ಇನ್ನು ತಪ್ಪಿಸಿಕೊಳ್ಳುವುದಿಲ್ಲವೆಂದು ಬರೆದುಕೊಡು ಎಂದರು. ಆಕೆ ಕೊಡಲಿಲ್ಲ. ಸುಳ್ಳು ಮಾತೊಂದನ್ನು ಬರೆದು ಜೀವವುಳಿಸಿಕೊಳ್ಳುವ ದಾರಿ ಅಲ್ಲಿತ್ತು. ಆಕೆ ಅದನ್ನು ತುಳಿಯಲಿಲ್ಲ.

ವಿಚಾರಣೆಯಲ್ಲಿ ಮಾದಲೆನಳಿಂದ ತಮಗೆ ಯಾವ ಮಾಹಿತಿಯೂ ದೊರೆಯಲಿಲ್ಲವೆಂದು ಯುದ್ಧಾನಂತರ ಕೀಫರನೇ ಒಪ್ಪಿಕೊಂಡ. ಆದರೆ ಚರಿತ್ರೆಗೆ ಇನ್ನೊಂದು ಮಗ್ಗುಲಿದೆ. ಅದನ್ನು ಮರೆಮಾಚಿ ಮಾಡುವ ಪೂಜೆ ಪೂಜೆಯಲ್ಲ. ಕಳುಹಿಸಿದ ಸಂದೇಶಗಳನ್ನು ಕೂಡಲೇ ಸುಡಬೇಕಾಗಿತ್ತು. ಆದೇಶದ ಒಂದು ಪದವನ್ನು ತಪ್ಪಾಗಿ ಅರ್ಥೈಸಿಕೊಂಡ ನೂರ್, ಎಲ್ಲವನ್ನೂ ಶಾಲೆಯ ನೋಟುಪುಸ್ತಕದಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟಿದ್ದಳು. ಆ ಪುಸ್ತಕವೂ ಯಂತ್ರವೂ ಜರ್ಮನರ ಕೈಸೇರಿದವು. ಅವರು ಆಕೆಯ ಹೆಸರಿನಲ್ಲಿ ಲಂಡನ್ನಿನೊಡನೆ ಸಂಭಾಷಿಸತೊಡಗಿದರು. ಸಂಶಯಕ್ಕೆ ಕಾರಣಗಳಿದ್ದರೂ ಲಂಡನ್ನಿನ ಅಧಿಕಾರಿಗಳು ತಿಂಗಳುಗಟ್ಟಲೆ ನಂಬಿದರು. 1944ರ ಫೆಬ್ರವರಿಯ ಕೊನೆಯ ರಾತ್ರಿ, ಹೀಗೆ ಗೊತ್ತುಪಡಿಸಿದ ಬಯಲಿಗೆ ಪ್ಯಾರಾಚೂಟಿನಿಂದ ಇಳಿದ ಮೂವರನ್ನು ಬರಮಾಡಿಕೊಂಡವರು ಜರ್ಮನರೇ. ಅವರಲ್ಲಿ ಮಾದಲೆನ್ ದಾಮರ್ಮಾಂ ಎಂಬ ಫ್ರೆಂಚ್ ತರುಣಿಯೂ ಇದ್ದಳು.

ತಪ್ಪು ನೂರಳದೆ? ತರಬೇತಿ ಮುಗಿಯುವ ಮೊದಲೇ ಆತುರದಿಂದ ಕಳುಹಿಸಿದವರದೆ? ಕಿವಿಗೆ ಬಿದ್ದ ಎಚ್ಚರಿಕೆಗಳನ್ನು ತಳ್ಳಿಹಾಕಿದವರದೆ? ಮೂರರಲ್ಲೂ ಪಾಲಿದೆ. ಆಕೆಯ ಧೈರ್ಯವನ್ನು ಹೊಗಳಿ ಈ ಪ್ರಶ್ನೆಯನ್ನು ಕೈಬಿಡುವುದು ದಾಮರ್ಮಾಂಳಿಗೆ ಮಾಡುವ ಅನ್ಯಾಯ. ಈ ತಪ್ಪನ್ನೇ ಎತ್ತಿ ಆಡಿ, ಹದಿನೇಳು ವಾರ ನಿಂತವಳನ್ನು ಮರೆಯುವುದು ನೂರಳಿಗೆ ಮಾಡುವ ಅನ್ಯಾಯ.

ಹತ್ತೊಂಬತ್ತು ದಿನ

1943ರ ನವೆಂಬರ್ 27ರಂದು ನೂರಳನ್ನು ಜರ್ಮನಿಗೆ ಸಾಗಿಸಿದರು. ಕರಿಯ ಅರಣ್ಯವೆಂದು ಹೆಸರಾದ ಸೀಮೆಯ ಬಾಗಿಲಲ್ಲಿರುವ ಫೋರ್ಜ್‌ಹೈಮ್ ಪಟ್ಟಣದ ಸೆರೆಮನೆಯಲ್ಲಿ, ಕೈಕಾಲಿಗೆ ಸರಪಳಿ ತೊಡಿಸಿ, ಒಂಟಿ ಕೋಣೆಯಲ್ಲಿಟ್ಟರು. ‘ಇರುಳು ಮತ್ತು ಮಂಜು’ ಎಂಬುದು ಇಂತಹ ಕೈದಿಗಳಿಗೆ ಇಟ್ಟ ಹೆಸರು. ಎಂದರೆ ಲೋಕಕ್ಕೆ ಇವರ ಸುಳಿವೇ ಸಿಗಬಾರದು. ಆದರೂ ಊಟದ ಬಟ್ಟಲುಗಳ ತಳದಲ್ಲಿ ಗೀಚಿ, ಆ ಸೆರೆಯ ಫ್ರೆಂಚ್ ಹೆಂಗಸರೊಡನೆ ಆಕೆ ಮಾತು ಬೆಳೆಸಿದಳು. ತಾಯಿಯ ತವರಿನ ಹೆಸರನ್ನು ಕೂಡಿಸಿ ತನ್ನನ್ನು ನೋರಾ ಬೇಕರ್ ಎಂದು ಹೇಳಿಕೊಂಡಳು. ಯಂತ್ರವನ್ನು ಕಸಿದುಕೊಂಡ ಮೇಲೆಯೂ ಸಂದೇಶ ಕಳುಹಿಸುವುದನ್ನು ಆಕೆ ಬಿಡಲಿಲ್ಲ. ಹತ್ತು ತಿಂಗಳು ಹೀಗೆಯೇ ಕಳೆದವು.

1944ರ ಆಗಸ್ಟ್ 16ರಂದು, ಬಿಡುಗಡೆಯ ಹೊಸ್ತಿಲಲ್ಲಿ, ಬೂಲೋನ್ ವನದ ಜಲಪಾತದ ಬಳಿ 35 ಮಂದಿ ತರುಣರನ್ನು ಜರ್ಮನರು ಕೊಂದರು. ಆಗಸ್ಟ್ 25ರಂದು ಪ್ಯಾರಿಸ್ ಸ್ವತಂತ್ರವಾಯಿತು. ಫೋಶ್ ಮಾರ್ಗದ ಕಾರ್ಯಾಲಯ ಬರಿದಾಯಿತು. ಸುರೆನ್ ಬೆಟ್ಟದ ಕೋಟೆಯಲ್ಲಿ ಗುಂಡಿನ ಸದ್ದು ನಿಂತಿತು. ಆಕೆ ಯಾವ ಊರಿಗಾಗಿ ನಿಂತಳೋ ಆ ಊರಿಗೆ ಬಿಡುಗಡೆಯಾದ ಹತ್ತೊಂಬತ್ತನೆಯ ದಿನ, ಸೆಪ್ಟೆಂಬರ್ 13ರ ನಸುಕಿನಲ್ಲಿ, ಮ್ಯೂನಿಕ್ ಬಳಿಯ ಡಾಖಾವ್ ಶಿಬಿರದಲ್ಲಿ ನೂರಳನ್ನು ಗುಂಡಿಕ್ಕಿ ಕೊಂದರು. ಆಕೆಯೊಡನೆ ಇನ್ನೂ ಮೂವರು ಹೆಂಗಸರು ಮಡಿದರು: ಯೋಲಾಂದ್ ಬೀಕ್‌ಮನ್, ಎಲಿಯಾನ್ ಪ್ಲೂಮನ್, ಮತ್ತು ಅದೇ ಮಾದಲೆನ್ ದಾಮರ್ಮಾಂ. ನೂರಳ ಬಾಯಿಂದ ಬಂದ ಕೊನೆಯ ಮಾತು ‘ಸ್ವಾತಂತ್ರ್ಯ’ ಎಂಬರ್ಥದ ಫ್ರೆಂಚ್ ಪದವೆಂದು ಹೇಳುತ್ತಾರೆ. ಆಗ ಆಕೆಗೆ ಮೂವತ್ತು ವರ್ಷ. ಡಾಖಾವಿನ ದಹನಗೃಹದ ಗೋಡೆಯ ಮೇಲಿನ ಫಲಕವೊಂದರಲ್ಲಿ ಆ ನಾಲ್ವರ ಹೆಸರುಗಳು ಒಟ್ಟಿಗೆ ಇವೆ.

ನೆನಪಿನ ಕಲ್ಲುಗಳು

ಆಕೆ ಎಲ್ಲಿ ಹೇಗೆ ಸತ್ತಳೆಂಬುದು ತಿಳಿಯಲು ಮನೆಯವರಿಗೆ ವರ್ಷಗಳೇ ಹಿಡಿದವು. ಫ್ರಾನ್ಸ್ 1946ರಲ್ಲಿ ಯುದ್ಧಶಿಲುಬೆಯ ಪದಕವನ್ನಿತ್ತಿತು. ಬ್ರಿಟನ್ 1949ರ ಏಪ್ರಿಲಿನಲ್ಲಿ ಜಾರ್ಜ್ ಕ್ರಾಸ್ ಪದಕವನ್ನಿತ್ತಿತು. ಲಂಡನ್ನಿನ ಗಾರ್ಡನ್ ಚೌಕದ ಉದ್ಯಾನದಲ್ಲಿ 2012ರ ನವೆಂಬರ್ 8ರಂದು ಆಕೆಯ ಎದೆಮಟ್ಟದ ಪ್ರತಿಮೆಯೊಂದು ಅನಾವರಣಗೊಂಡಿತು. ಅದರ ಮಗ್ಗುಲಿನ ಟ್ಯಾವಿಟನ್ ಬೀದಿಯ 4ನೆಯ ಮನೆಯಿಂದಲೇ ಆಕೆ ಕೊನೆಯ ಪಯಣಕ್ಕೆ ಹೊರಟದ್ದು. 2020ರಲ್ಲಿ ಆ ಮನೆಗೆ ಲಂಡನ್ನಿನ ನೀಲಿ ಫಲಕ ದೊರೆಯಿತು. ಭಾರತೀಯ ಮೂಲದ ಮಹಿಳೆಯೊಬ್ಬಳಿಗೆ ಆ ಗೌರವ ಸಂದುದು ಅದೇ ಮೊದಲು.

ತಂದೆ ಇನಾಯತ್ ಖಾನರ ಸಮಾಧಿ ದಿಲ್ಲಿಯ ನಿಜಾಮುದ್ದೀನ್ ಬಡಾವಣೆಯಲ್ಲಿದೆ. ಅಲ್ಲಿಗೆ ಹೋಗಿ ಹೂವಿಡಬಹುದು. ಮಗಳಿಗೆ ಸಮಾಧಿಯಿಲ್ಲ. ಸುರೆನ್ ಊರಿನವರು ಚೌಕವೊಂದಕ್ಕೆ ಆಕೆಯ ಗುಪ್ತನಾಮವನ್ನಿಟ್ಟು ‘ಮಾದಲೆನ್’ ಎಂದು ಕರೆದಿದ್ದಾರೆ. ಫಜಲ್ ಮಂಜಿಲಿನ ಗೋಡೆಗೆ ಸ್ಮಾರಕಫಲಕವನ್ನು ಕೂರಿಸಿದ್ದಾರೆ. ಫ್ರೆಂಚರ ರಾಷ್ಟ್ರೀಯ ಹಬ್ಬವಾದ ಜುಲೈ 14ರಂದು ಆ ಮನೆಯ ಮುಂದೆ ಬ್ಯಾಂಡಿನವರು ಬಂದು ನಿಂತು ವಾದ್ಯ ನುಡಿಸುವ ಪದ್ಧತಿ ಬೆಳೆದುಬಂದಿತು. ಬರೋಡದ ಗಾಯಕರ, ಮೈಸೂರು ಒಡೆಯರ ಮನ್ನಣೆ ಪಡೆದ ಸಂಗೀತಗಾರರ ಮನೆತನಕ್ಕೆ ಅದಕ್ಕಿಂತ ತಕ್ಕ ಶ್ರಾದ್ಧ ಬೇರೊಂದಿರಲಾರದು.